ಶಿಫ್ಟ್ ಮುಗಿದ ಮೇಲಿನ ಆಟ

ನವುಲೆಯಲ್ಲಿ ಫುಟ್‌ಬಾಲ್ ಹುಚ್ಚಿನ ಮಗುವಿಗೆ ಅಪ್ಪನಾಗಿರುವುದು ಸ್ವಲ್ಪ ಕಷ್ಟದ ಕೆಲಸ. ಶಿವಮೊಗ್ಗದಿಂದ ಸವಳಂಗ ರಸ್ತೆ ಹಿಡಿದರೆ ಸಿಗುವ ಈ ಊರಿಗೆ ಎಂಜಿನಿಯರಿಂಗ್ ಕಾಲೇಜು, ಕೃಷಿ ಕಾಲೇಜುಗಳ ಜೊತೆ ಕ್ರಿಕೆಟ್ಟಿನ ಹೆಸರೂ ಅಂಟಿಕೊಂಡುಬಿಟ್ಟಿದೆ. 2024ರ ಜನವರಿಯಲ್ಲಿ ಕೂಚ್ ಬೆಹಾರ್ ಟ್ರೋಫಿಯ ಫೈನಲ್‌ನಲ್ಲಿ ಕರ್ನಾಟಕದ ಪ್ರಖರ್ ಚತುರ್ವೇದಿ ಮುಂಬೈ ಮೇಲೆ ಔಟಾಗದೆ 404 ರನ್ ಹೊಡೆದದ್ದು ಇಲ್ಲಿಯ ಕೆಎಸ್‌ಸಿಎ ಕ್ರೀಡಾಂಗಣದಲ್ಲೇ. ಅದಕ್ಕೆ ಮೊದಲು ಆ ಫೈನಲ್‌ನ ದಾಖಲೆ ಇದ್ದದ್ದು ಯುವರಾಜ್ ಸಿಂಗ್ ಹೆಸರಲ್ಲಿ. 1999ರಲ್ಲಿ ಜಮ್ಶೆಡ್‌ಪುರದಲ್ಲಿ ಹೊಡೆದ 358. ಉಕ್ಕಿನ ಊರೊಂದರ ದಾಖಲೆ ಇನ್ನೊಂದು ಉಕ್ಕಿನ ಊರಿನ ಪಕ್ಕಕ್ಕೆ ಬಂದು ಮುರಿಯಿತು. ಆ ಇನ್ನೊಂದು ಊರು ಭದ್ರಾವತಿ. ಇಪ್ಪತ್ತು ಕಿಲೋಮೀಟರ್ ಆಚೆ, ಗುಂಡಪ್ಪ ವಿಶ್ವನಾಥ್ 1949ರಲ್ಲಿ ಹುಟ್ಟಿದ ಊರು. ಹೀಗೆ ಎರಡೂ ಕಡೆಯಿಂದ ಕ್ರಿಕೆಟ್ ಒತ್ತಿಕೊಂಡು ಬಂದಿರುವಾಗ ಬೀದಿಯಲ್ಲಿ ಒಂದು ಹುಡುಗಿ ನಾಲ್ಕು ಇಟ್ಟಿಗೆ ಇಟ್ಟು ಗೋಲು ಮಾಡಿಕೊಂಡರೆ, ಅದನ್ನು ವಿಕೆಟ್ ಅಂದುಕೊಂಡು ಬ್ಯಾಟು ಹಿಡಿದವರು ಬಂದೇ ಬರುತ್ತಾರೆ.

ಆ ಹುಡುಗಿಯ ಅಪ್ಪನನ್ನು ಓದುಗರೇ ಕಲ್ಪಿಸಿಕೊಳ್ಳಬೇಕು. ಹೆಸರು ಬೇಡ. ನಲವತ್ತು ದಾಟಿದವನು. ಹುಟ್ಟಿದ್ದು ಭದ್ರಾವತಿಯ ನ್ಯೂಟೌನ್‌ನ ಕ್ವಾರ್ಟರ್ಸಿನಲ್ಲಿ, ಮನೆ ಮಾಡಿಕೊಂಡದ್ದು ನವುಲೆಯಲ್ಲಿ, ಅನ್ನ ಹುಟ್ಟುವುದು ಎರಡೂ ಊರಿನ ನಡುವಿನ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ. ಹೆಂಡತಿಗೆ ಅದೇ ಕಡೆ ಗಾರ್ಮೆಂಟ್ಸ್‌ನಲ್ಲಿ ಕೆಲಸ. ಜೊತೆಗಿರುವ ಅಜ್ಜ ಭದ್ರಾವತಿಯ ಉಕ್ಕಿನ ಕಾರ್ಖಾನೆಯಾದ ವಿಐಎಸ್‌ಎಲ್‌ನಿಂದ ನಿವೃತ್ತರು. ಅವರ ಬಾಯಲ್ಲಿ ಇವತ್ತಿಗೂ ಅದು ಬರೀ ‘ಫ್ಯಾಕ್ಟ್ರಿ’. ಊರಲ್ಲಿ ಬೇರೆ ಫ್ಯಾಕ್ಟರಿಗಳಿಲ್ಲವೇನೋ ಎಂಬಂತೆ. ಇಂಥ ಮನೆಗಳು ಈ ಎರಡು ಊರುಗಳಲ್ಲಿ ಹುಡುಕಿದರೆ ಬೇಕಾದಷ್ಟು ಸಿಗುತ್ತವೆ.

2025ರ ಆಗಸ್ಟ್ ಮೊದಲ ವಾರದಲ್ಲಿ ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ನಿಲ್ಲಿಸಿರುವುದಾಗಿ ಪ್ರಕಟಿಸಿತು. ಇಂಡಿಯನ್ ಸೂಪರ್ ಲೀಗ್ ನಡೆಸುತ್ತಿದ್ದ ಕಂಪನಿ ಮತ್ತು ರಾಷ್ಟ್ರೀಯ ಫುಟ್‌ಬಾಲ್ ಫೆಡರೇಷನ್ ನಡುವಿನ ಒಪ್ಪಂದ ಆ ವರ್ಷದ ಡಿಸೆಂಬರ್‌ಗೆ ಮುಗಿಯುವುದಿತ್ತು, ನವೀಕರಣವಾಗಿರಲಿಲ್ಲ. ಲೀಗ್ ನಡೆಯುತ್ತದೋ ಇಲ್ಲವೋ ಆಗ ಯಾರಿಗೂ ಗೊತ್ತಿರಲಿಲ್ಲ. ಆ ತಂಡದ ನೀಲಿ ಜೆರ್ಸಿ ಹಾಕಿಕೊಂಡೇ ಊಟಕ್ಕೆ ಕೂರುವ ಮಗಳು ಇಂಥ ಸುದ್ದಿ ಕೇಳಿದರೆ ಏನು ಕೇಳುತ್ತಾಳೆ?

“ಅಪ್ಪಾ, ಸುನಿಲ್ ಛೆಟ್ರಿಗೂ ಸಂಬಳ ನಿಲ್ಲಿಸ್ತಾರಾ?”

ಅಪ್ಪ ಉತ್ತರ ಹುಡುಕುವಷ್ಟರಲ್ಲಿ ಅಜ್ಜ ಪೇಪರ್ ಕೆಳಗಿಟ್ಟು, “ಅದಕ್ಕೆ ಲೇ ಆಫ್ ಅಂತಾರೆ ಪುಟ್ಟಿ” ಎನ್ನುತ್ತಾರೆ. ಆಮೇಲೆ ಅವರದೇ ಪ್ರಶ್ನೆ: “ಅವರಿಗೆ ಯೂನಿಯನ್ ಇಲ್ವಾ?”

ಇದೆ. ಭಾರತೀಯ ಫುಟ್‌ಬಾಲ್ ಆಟಗಾರರ ಸಂಘ 2006ರಲ್ಲಿ ಹುಟ್ಟಿತು. ಬೈಚುಂಗ್ ಭುಟಿಯಾ ಅದರ ಅಧ್ಯಕ್ಷರಾಗಿದ್ದರು. ಅದೇ ಭುಟಿಯಾ 2022ರಲ್ಲಿ ಫೆಡರೇಷನ್ನಿನ ಅಧ್ಯಕ್ಷಗಿರಿಗೆ ನಿಂತಾಗ ಅವರಿಗೆ ಬಿದ್ದದ್ದು 1 ಓಟು, ಎದುರಾಳಿ ಕಲ್ಯಾಣ್ ಚೌಬೆಗೆ 33. ಓಟು ಹಾಕಿದವರು ರಾಜ್ಯ ಸಂಘಗಳವರು, ಚೆಂಡು ಒದೆಯುವವರಲ್ಲ. ಕಾರ್ಮಿಕ ಸಂಘದ ಚುನಾವಣೆಗಳನ್ನು ಹತ್ತಿರದಿಂದ ಕಂಡ ಅಜ್ಜನಿಗೆ ಇದು ಬಿಡಿಸಿ ಹೇಳಬೇಕಾದ ಸಂಗತಿಯೇನಲ್ಲ.

ಇದರಲ್ಲಿ ಇನ್ನೊಂದು ವಿಚಿತ್ರ ಅಡಗಿದೆ. ಬೆಂಗಳೂರು ಎಫ್‌ಸಿಯ ಒಡೆತನ ಜೆಎಸ್‌ಡಬ್ಲ್ಯು ಗುಂಪಿನದು. ಅಂದರೆ ಬಳ್ಳಾರಿ ಕಡೆಯ ತೋರಣಗಲ್ಲಿನಲ್ಲಿ ದೊಡ್ಡ ಉಕ್ಕಿನ ಕಾರ್ಖಾನೆ ಇರುವವರದು. 2013ರಲ್ಲಿ ಹುಟ್ಟಿದ ಈ ತಂಡ ಮೊದಲ ವರ್ಷವೇ ಐ-ಲೀಗ್ ಗೆದ್ದಿತು, 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ಮುಟ್ಟಿತು, 2018-19ರಲ್ಲಿ ಸೂಪರ್ ಲೀಗನ್ನೂ ಎತ್ತಿತು. ಕರ್ನಾಟಕದ ಮೊದಲ ಉಕ್ಕಿನ ಊರಿನವರ ಮೊಮ್ಮಗಳು, ಕರ್ನಾಟಕದ ಹೊಸ ಉಕ್ಕಿನ ಕಂಪನಿಯ ತಂಡಕ್ಕೆ ಕೂಗುತ್ತಾಳೆ. ಅಜ್ಜನಿಗೆ ಇದು ಒಳಗೊಳಗೇ ಚುಚ್ಚುವ ವಿಷಯ.

ಚುಚ್ಚದೆ ಏನು ಮಾಡೀತು! ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ಅಜ್ಜನ ‘ಫ್ಯಾಕ್ಟ್ರಿ’, ಅಂದಿನ ಮೈಸೂರು ಕಬ್ಬಿಣದ ಕಾರ್ಖಾನೆ, ಇಲ್ಲಿ ಕೆಲಸ ಶುರುಮಾಡಿದ್ದು 1923ರ ಜನವರಿ 18ರಂದು. ಕಲ್ಲಿದ್ದಲು ಹತ್ತಿರದಲ್ಲೆಲ್ಲೂ ಇಲ್ಲ, ಆದ್ದರಿಂದ ಮಲೆನಾಡಿನ ಕಾಡು ಕಡಿದು ಇದ್ದಿಲು ಸುಟ್ಟು ಕುಲುಮೆ ಉರಿಸಿದರು. ಅದಿರು ಕೆಮ್ಮಣ್ಣುಗುಂಡಿಯಿಂದ ಇಳಿದು ಬರುತ್ತಿತ್ತು. ಶುರುವಿನ ನಷ್ಟದ ವರ್ಷಗಳಲ್ಲಿ ಮಂಡಳಿಯ ಅಧ್ಯಕ್ಷರಾಗಿ ಬಂದು ಕಾರ್ಖಾನೆಯನ್ನು ಎತ್ತಿ ನಿಲ್ಲಿಸಿದವರು ವಿಶ್ವೇಶ್ವರಯ್ಯ. 1936ರಲ್ಲಿ ಪಕ್ಕದಲ್ಲೇ ಮೈಸೂರು ಕಾಗದ ಕಾರ್ಖಾನೆಯ ಸ್ಥಾಪನೆಯಾಯಿತು. ಒಂದು ಊರು, ಎರಡು ಕಾರ್ಖಾನೆ: ನ್ಯೂಟೌನ್ ಒಂದರದು, ಪೇಪರ್ ಟೌನ್ ಇನ್ನೊಂದರದು. ಮದುವೆಯ ಮಾತುಕತೆಯಲ್ಲಿ “ಹುಡುಗ ಎಲ್ಲಿದಾನೆ?” ಎಂಬ ಪ್ರಶ್ನೆಗೆ “ಪರ್ಮನೆಂಟು” ಎನ್ನುವ ಒಂದೇ ಪದ ಸಾಕಾಗುತ್ತಿದ್ದ ಕಾಲ ಅದು.

ಆ ಪದ ಸವೆದದ್ದು ನಿಧಾನಕ್ಕೆ. ರಾಜ್ಯದ ಕೈಯಲ್ಲಿದ್ದ ಕಬ್ಬಿಣದ ಕಾರ್ಖಾನೆ 1989ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದ ಅಂಗವಾಯಿತು, 1998ರಲ್ಲಿ ಅದರೊಳಗೇ ಕರಗಿತು. ಸ್ವಂತ ಗಣಿ ಇಲ್ಲ ಎಂಬ ಕೊರಗು ಹೋಗಲೇ ಇಲ್ಲ. ಕಾಗದ ಕಾರ್ಖಾನೆಯ ಯಂತ್ರಗಳು 2015ರಲ್ಲಿ ನಿಂತವು. ಕಬ್ಬಿಣದ ಕಾರ್ಖಾನೆಯನ್ನು ಮಾರಲು 2019ರಲ್ಲಿ ಟೆಂಡರ್ ಕರೆದರು, 2022ರಲ್ಲಿ ಆ ಪ್ರಕ್ರಿಯೆಯನ್ನು ಕೈಬಿಟ್ಟರು. 2023ರ ಜನವರಿಯಲ್ಲಿ, ಸರಿಯಾಗಿ ನೂರು ತುಂಬಿದ ತಿಂಗಳಲ್ಲೇ, ಮುಚ್ಚುವ ತೀರ್ಮಾನ ಹೊರಬಿತ್ತು. ಹುಟ್ಟುಹಬ್ಬಕ್ಕೆ ಇಂಥ ಉಡುಗೊರೆಯನ್ನು ಯಾರೂ ಬೇಕೆಂದು ಆರಿಸಿರಲಿಕ್ಕಿಲ್ಲ; ಕ್ಯಾಲೆಂಡರ್ ನೋಡುವ ಅಭ್ಯಾಸ ಕಡತಗಳಿಗೆ ಇರುವುದಿಲ್ಲ ಅಷ್ಟೆ.

ಸಾವಿರಕ್ಕೂ ಹೆಚ್ಚು ಗುತ್ತಿಗೆ ಕಾರ್ಮಿಕರ ಕೆಲಸದ ಪ್ರಶ್ನೆ ಅದು. ಕಾರ್ಖಾನೆಯ ಮುಂದೆ ಧರಣಿ ಶುರುವಾಯಿತು. ಮುಂದಿನ ತಿಂಗಳು, ಫೆಬ್ರುವರಿ 27ರಂದು, ಎರಡು ಊರುಗಳ ನಡುವಿನ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆಗೆ ಪ್ರಧಾನಿ ಬಂದಾಗಲೂ ಧರಣಿ ನಡೆದೇ ಇತ್ತು. ಆಗಸ್ಟ್‌ನಲ್ಲಿ ಉಕ್ಕು ಉರುಳಿಸುವ ಕೆಲಸ ಅಷ್ಟಿಷ್ಟು ಮತ್ತೆ ಶುರುವಾಯಿತು. 2024ರ ಜೂನ್‌ನಲ್ಲಿ ಹೊಸ ಉಕ್ಕು ಸಚಿವ ಎಚ್.ಡಿ. ಕುಮಾರಸ್ವಾಮಿ ಬಂದು ನೋಡಿಹೋದರು. ಅಜ್ಜನ ಮಟ್ಟಿಗೆ ಫ್ಯಾಕ್ಟರಿ ಇನ್ನೂ ಸತ್ತಿಲ್ಲ, ಬದುಕಿಯೂ ಇಲ್ಲ. ಐಸಿಯು ಹೊರಗೆ ಕೂತ ನೆಂಟರ ಹಾಗೆ ಇಡೀ ಊರು ಕೂತಿದೆ.

ಇಷ್ಟೆಲ್ಲ ಹೇಳಿದ ಮೇಲೂ ಮಗಳ ತಲೆಯಲ್ಲಿ ನಿಂತದ್ದು ಬೇರೆಯೇ. ಕಾರ್ಖಾನೆ ಮುಚ್ಚಿದರೆ ಕಾರ್ಖಾನೆಯ ಟೀಮು ಏನಾಗುತ್ತದೆ?

ಈ ಪ್ರಶ್ನೆಗೆ ಜಗತ್ತಿನಲ್ಲಿ ಒಳ್ಳೆಯ ಉತ್ತರಗಳಿವೆ. ಲಂಡನ್ನಿನ ಥೇಮ್ಸ್ ನದಿಯ ದಡದಲ್ಲಿ ಹಡಗು ಕಟ್ಟುವ ಥೇಮ್ಸ್ ಐರನ್‌ವರ್ಕ್ಸ್ ಎಂಬ ಕಂಪನಿ ಇತ್ತು. ಅದರ ಒಡೆಯ ಆರ್ನಾಲ್ಡ್ ಹಿಲ್ಸ್ ಹೆಂಡ ಮುಟ್ಟದವನು, ಯೂನಿಯನ್ ಎಂದರೆ ಆಗದವನು. ಮುಷ್ಕರಗಳಿಂದ ಬೇಸತ್ತು, ಕಾರ್ಮಿಕರೊಂದಿಗೆ ಸಂಬಂಧ ಸರಿಪಡಿಸಿಕೊಳ್ಳೋಣವೆಂದು 1895ರಲ್ಲಿ ಕಂಪನಿಗೊಂದು ಫುಟ್‌ಬಾಲ್ ತಂಡ ಕಟ್ಟಿದ. 1900ರಲ್ಲಿ ಅದು ವೆಸ್ಟ್ ಹ್ಯಾಮ್ ಯುನೈಟೆಡ್ ಆಯಿತು. ಹಡಗುಕಟ್ಟೆ 1912ರಲ್ಲಿ ಮುಚ್ಚಿತು. ತಂಡ ಮಾತ್ರ ಇನ್ನೂ ಇದೆ. ಅದರ ಲಾಂಛನದಲ್ಲಿ ರಿವೆಟ್ ಹೊಡೆಯುವ ಎರಡು ಸುತ್ತಿಗೆ ಇವೆ, ಅಭಿಮಾನಿಗಳು ಇವತ್ತಿಗೂ ತಂಡವನ್ನು ‘ಐರನ್ಸ್’ ಎಂದೇ ಕೂಗುತ್ತಾರೆ. ಆರ್ಸೆನಲ್ 1886ರಲ್ಲಿ ವೂಲಿಚ್‌ನ ಮದ್ದುಗುಂಡಿನ ಕಾರ್ಖಾನೆಯಲ್ಲಿ ಹುಟ್ಟಿತು, ಮ್ಯಾಂಚೆಸ್ಟರ್ ಯುನೈಟೆಡ್ 1878ರಲ್ಲಿ ರೈಲ್ವೆ ಕೆಲಸಗಾರರ ನಡುವೆ.

ನಮ್ಮಲ್ಲೂ ಆಟ ಹೀಗೆಯೇ ಬೆಳೆದದ್ದು. ಬೆಂಗಳೂರಿನ ಎಚ್‌ಎಎಲ್, ಐಟಿಐಗಳಂಥ ಸಾರ್ವಜನಿಕ ಉದ್ದಿಮೆಗಳ ತಂಡಗಳು ದಶಕಗಳ ಕಾಲ ಕರ್ನಾಟಕದ ಫುಟ್‌ಬಾಲನ್ನು ಹೊತ್ತವು. ಸಂತೋಷ್ ಟ್ರೋಫಿಯನ್ನು ಮೈಸೂರು ರಾಜ್ಯ 4 ಸಲ ಗೆದ್ದಿದೆ, ಕೊನೆಯ ಸಲ 1968-69ರಲ್ಲಿ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತದ ಮೊದಲ ಗೋಲು ಹೊಡೆದ ಎಸ್. ರಾಮನ್ ಬೆಂಗಳೂರಿನವರು. ಆಟಗಾರನಿಗೆ ಕಾರ್ಖಾನೆಯಲ್ಲಿ ಹುದ್ದೆ, ಅಭ್ಯಾಸಕ್ಕೆ ಅರ್ಧ ದಿನ ಬಿಡುವು, ಮಂಡಿ ಹೋದ ಮೇಲೂ ಸಂಬಳ, ಅರವತ್ತರ ಹತ್ತಿರ ಗ್ರಾಚ್ಯುಯಿಟಿ. ಅದೇ ಉದ್ದಿಮೆಗಳ ಸುಮಾರು 1.25 ಲಕ್ಷ ಕಾರ್ಮಿಕರು 1980ರ ಡಿಸೆಂಬರ್ ಕೊನೆಯಿಂದ 77 ದಿನ ಮುಷ್ಕರ ಹೂಡಿದ್ದರು. ಆ ಪಟ್ಟಿಯಲ್ಲಿ ಎಚ್‌ಎಎಲ್, ಐಟಿಐ ಜೊತೆ ಬಿಇಎಲ್, ಎಚ್‌ಎಂಟಿ, ಬಿಇಎಂಎಲ್ ಎಲ್ಲ ಇದ್ದವು. ಗೇಟಿನ ಮುಂದೆ ಘೋಷಣೆ ಕೂಗುವವನೂ ಮೈದಾನದಲ್ಲಿ ಫ್ರೀ ಕಿಕ್ ಒದೆಯುವವನೂ ಹಾಜರಿ ಹಾಕುತ್ತಿದ್ದದ್ದು ಒಂದೇ ಗೇಟಿನಲ್ಲಿ. ಇವತ್ತಿನ ಕ್ಲಬ್ಬಿನ ಆಟಗಾರ ಎಷ್ಟೋ ಪಟ್ಟು ಹೆಚ್ಚು ದುಡಿಯುತ್ತಾನೆ, ಆದರೆ ಕೈಯಲ್ಲಿರುವುದು ಗಡುವಿನ ಕರಾರು. ಆ ಮಟ್ಟಿಗೆ ಛೆಟ್ರಿಯೂ ಮಾಚೇನಹಳ್ಳಿಯ ಅಪ್ಪನೂ ಒಂದೇ ಸಾಲಿನವರು ಎಂದರೆ ಮಗಳು ನಂಬುವುದಿಲ್ಲ. ನಂಬಬೇಕಾಗಿಯೂ ಇಲ್ಲ, ಸಾಲು ಒಂದೇ ಆದರೂ ಕುರ್ಚಿಗಳ ನಡುವೆ ಬಹಳ ಅಂತರವಿದೆ.

ಆಟಕ್ಕೂ ಸಂಘಕ್ಕೂ ಇರುವ ನಂಟು ತಂಡಗಳಿಗಿಂತ ಹಳೆಯದು. ಇಂಗ್ಲೆಂಡಿನಲ್ಲಿ ಶನಿವಾರ ಮಧ್ಯಾಹ್ನ 3 ಗಂಟೆಗೇ ಪಂದ್ಯ ಶುರುವಾಗುವ ವಾಡಿಕೆ ಎಲ್ಲಿಂದ ಬಂತು? 1850ರ ಕಾರ್ಖಾನೆ ಕಾಯ್ದೆ ಬಟ್ಟೆ ಗಿರಣಿಗಳ ಹೆಂಗಸರು, ಎಳೆಯರನ್ನು ಶನಿವಾರ 2 ಗಂಟೆಗೆ ಬಿಡಬೇಕು ಎಂದಿತು. ಅವರು ಎದ್ದುಹೋದ ಮೇಲೆ ಗಂಡಸರಷ್ಟೇ ಯಂತ್ರ ಓಡಿಸುವುದು ಹೇಗೆ? ಹೀಗೆ ಎಲ್ಲರಿಗೂ ಅರ್ಧ ದಿನ ರಜೆ ಸಿಕ್ಕಿತು, ಆ ಅರ್ಧ ದಿನದೊಳಗೆ ಫುಟ್‌ಬಾಲ್ ಬಂದು ಕೂತಿತು. ನಮ್ಮ ಭಾನುವಾರದ ಹಿಂದೆಯೂ ಇಂಥದೇ ಕಥೆ. ಮುಂಬೈ ಗಿರಣಿ ಕಾರ್ಮಿಕರ ಸಂಘ ಕಟ್ಟಿದ ನಾರಾಯಣ ಮೇಘಾಜಿ ಲೋಖಂಡೆ ವರ್ಷಗಟ್ಟಲೆ ಅರ್ಜಿ ಹಿಡಿದು ಓಡಾಡಿದ ಮೇಲೆ 1890ರಲ್ಲಿ ಅಲ್ಲಿಯ ಗಿರಣಿಗಳಿಗೆ ವಾರದ ರಜೆ ಬಂತು. ಅಂಬೇಡ್ಕರ್ ವೈಸ್‌ರಾಯ್ ಮಂಡಳಿಯ ಕಾರ್ಮಿಕ ಸದಸ್ಯರಾಗಿದ್ದ ಕಾಲದ ಕೆಲಸದ ಫಲವಾಗಿ ಕಾರ್ಖಾನೆ ಕಾಯ್ದೆಯ 1946ರ ತಿದ್ದುಪಡಿ ವಾರಕ್ಕೆ 48 ಗಂಟೆಯ ಮಿತಿ ಹಾಕಿತು.

ಅಜ್ಜ ಈ ಇತಿಹಾಸ ಓದಿದವರಲ್ಲ, ಬದುಕಿದವರು. ಎ ಶಿಫ್ಟ್ ಮುಗಿಸಿ ಬಂದ ದಿನ ಸಂಜೆ ಪೂರ್ತಿ ಅವರದು. ಬಿ ಶಿಫ್ಟ್ ಇದ್ದ ವಾರ ಮಕ್ಕಳಿಗೆ ಅಪ್ಪನ ಮುಖ ಕಾಣುತ್ತಿದ್ದದ್ದು ಬೆಳಿಗ್ಗೆ ಮಾತ್ರ. ಸಿ ಶಿಫ್ಟ್ ಎಂದರೆ ಮಧ್ಯಾಹ್ನ ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡುವಂತಿಲ್ಲ. ಕಷ್ಟವಿತ್ತು, ಆದರೆ ಲೆಕ್ಕ ಗೊತ್ತಿತ್ತು. ಮುಂದಿನ ತಿಂಗಳ ಎರಡನೇ ಮಂಗಳವಾರ ಸಂಜೆ ತಾನು ಎಲ್ಲಿರುತ್ತೇನೆಂದು ಅವರು ಕಣ್ಣು ಮುಚ್ಚಿ ಹೇಳುತ್ತಿದ್ದರು. ಮಗನಿಗೆ ನಾಳೆಯದು ಗೊತ್ತಿಲ್ಲ. “ಅರ್ಜೆಂಟ್ ಆರ್ಡರ್ ಇದೆ, ಇವತ್ತು ನಿಲ್ಲಬೇಕು” ಎಂಬ ಮಾತು ಸಂಜೆ ಐದಕ್ಕೆ ಬರುತ್ತದೆ. ಕರ್ನಾಟಕ 2023ರಲ್ಲಿ ತಿದ್ದಿದ ಕಾರ್ಖಾನೆ ಕಾಯ್ದೆ ವಾರದ 48 ಗಂಟೆ ದಾಟದ ಹಾಗೆ ದಿನಕ್ಕೆ 12 ಗಂಟೆವರೆಗೂ ದುಡಿಸಿಕೊಳ್ಳಲು ದಾರಿ ಬಿಟ್ಟಿತು. ಮೂರು ತಿಂಗಳಿಗೆ 75 ಗಂಟೆ ಇದ್ದ ಓವರ್‌ಟೈಮ್ ಮಿತಿಯನ್ನು 145ಕ್ಕೆ ಏರಿಸಿತು. ವಾರಕ್ಕೆ ನಾಲ್ಕೇ ದಿನ ಕೆಲಸ, ಮೂರು ದಿನ ರಜೆ ಎಂದು ಇದನ್ನು ಹೊಗಳುವವರಿದ್ದಾರೆ. ಹನ್ನೆರಡು ಗಂಟೆ ಕುಲುಮೆ ಮುಂದೆ ನಿಂತವನು ಮನೆಗೆ ಬಂದು ಮಗಳಿಗೆ ಗೋಲ್‌ಕೀಪರ್ ಆಗುತ್ತಾನೆಯೇ ಎಂಬುದನ್ನು ಹೊಗಳುವವರು ಒಮ್ಮೆ ನಿಂತು ನೋಡಬೇಕು.

ಯೂನಿಯನ್ ಕುರಿತು ಅಪ್ಪನಿಗೆ ಅಜ್ಜನಷ್ಟು ಭಕ್ತಿಯಿಲ್ಲ. ಅದಕ್ಕೆ ಕಾರಣಗಳೂ ಇವೆ. ಕಾಯಂ ನೌಕರರ ಸಂಘ ಗುತ್ತಿಗೆಯವರನ್ನು ಹೊರಗಿಟ್ಟು ಒಪ್ಪಂದ ಮಾಡಿಕೊಂಡ ಕಥೆಗಳು ಯಾವ ಕೈಗಾರಿಕಾ ಊರಿನಲ್ಲಿಲ್ಲ? ಅವನ ಹೆಂಡತಿಯ ಬಳಿ ಮಾತ್ರ ಬೇರೆ ಕಥೆಯಿದೆ. ಭವಿಷ್ಯನಿಧಿಯಲ್ಲಿ ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ನಿಯಮ ಬಂದಾಗ, 2016ರ ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಸಾವಿರ ಸಾವಿರ ಸಂಖ್ಯೆಯಲ್ಲಿ ರಸ್ತೆಗಿಳಿದರು. ಮುಂದೆ ನಿಂತು ಕರೆದ ದೊಡ್ಡ ನಾಯಕರಿರಲಿಲ್ಲ. ಪಿ.ಎಫ್. ಎಂದರೆ ಅವರಿಗೆ ಮಗಳ ಮದುವೆ, ಮಗನ ಫೀಸು, ಅಮ್ಮನ ಆಪರೇಷನ್ನು. ಎರಡನೇ ದಿನ ಸಂಜೆಗೆ ಕೇಂದ್ರ ಸರ್ಕಾರ ನಿಯಮವನ್ನು ಹಿಂತೆಗೆದುಕೊಂಡಿತು. ಕಲ್ಲುತೂರಾಟ, ಬಸ್ಸಿಗೆ ಬೆಂಕಿ, ಲಾಠಿ ಎಲ್ಲವೂ ನಡೆದುಹೋಯಿತು, ಅದನ್ನು ಮರೆಯುವಂತಿಲ್ಲ. ಆದರೂ ನೋಂದಾಯಿತ ಸಂಘಗಳ ಎಷ್ಟೋ ಮನವಿಪತ್ರ ಮಾಡದ ಕೆಲಸ ಎರಡು ದಿನದಲ್ಲಿ ಆಯಿತು ಎಂಬುದೂ ದಿಟ.

ರಾಜಕೀಯ ಈ ಮನೆಗೆ ಹೊರಗಿನಿಂದ ಬರಬೇಕಾದ್ದಲ್ಲ. ಜಿಲ್ಲೆಯೇ ಹಾಗೆ. 1951ರ ಕಾಗೋಡು ಸತ್ಯಾಗ್ರಹ, ಲೋಹಿಯಾ, ಶಾಂತವೇರಿ ಗೋಪಾಲಗೌಡ; 1967ರಲ್ಲಿ ಶಿವಮೊಗ್ಗದಿಂದ ಗೆದ್ದು ಲೋಕಸಭೆಯಲ್ಲಿ ಕನ್ನಡದಲ್ಲೇ ಮಾತಾಡಿದ ಜೆ.ಎಚ್. ಪಟೇಲ್, ಬಂಗಾರಪ್ಪ, ಯಡಿಯೂರಪ್ಪ. ಭದ್ರಾವತಿಯದು ಅದರೊಳಗೂ ಒಂದು ವಿಚಿತ್ರ. 1994 ಮತ್ತು 1999ರಲ್ಲಿ ಕಾರ್ಮಿಕ ಮುಖಂಡ ಎಂ.ಜೆ. ಅಪ್ಪಾಜಿ, 2004ರಲ್ಲಿ ಬಿ.ಕೆ. ಸಂಗಮೇಶ್, ಹೀಗೆ ಮೂರು ಚುನಾವಣೆ ಸಾಲಾಗಿ ಪಕ್ಷೇತರರನ್ನು ಗೆಲ್ಲಿಸಿದ ಕ್ಷೇತ್ರ ಅದು. ಆಮೇಲೂ ಗೆಲುವು ಇವರಿಬ್ಬರ ನಡುವೆಯೇ ಓಡಾಡಿತು, ಪಕ್ಷದ ಚಿಹ್ನೆ ಮಾತ್ರ ಬದಲಾಯಿತು. 2020ರಲ್ಲಿ ಅಪ್ಪಾಜಿ ತೀರಿಕೊಂಡರು. ಆಟವೂ ಇಲ್ಲಿ ರಾಜಕೀಯದಿಂದ ದೂರ ಉಳಿಯುವುದಿಲ್ಲ: 2021ರಲ್ಲಿ ಭದ್ರಾವತಿಯ ಕಬಡ್ಡಿ ಪಂದ್ಯಾವಳಿಯೊಂದರ ಗಲಾಟೆ ಪೊಲೀಸ್ ಕೇಸಾಗಿ, ಶಾಸಕ ಸಂಗಮೇಶ್ ವಿಧಾನಸಭೆಯಲ್ಲಿ ಅಂಗಿ ಬಿಚ್ಚಿ ಪ್ರತಿಭಟಿಸಿ, ಸ್ಪೀಕರ್ ಅವರನ್ನು ಅಮಾನತು ಮಾಡುವವರೆಗೆ ಹೋಯಿತು.

ಅಂಗಿಯ ವಿಷಯ ಬಂದಾಗ ಅಪ್ಪನಿಗೆ ನೆನಪಾಗುವುದು ಇನ್ನೊಂದು ಅಂಗಿ. 1997ರ ಮಾರ್ಚ್‌ನಲ್ಲಿ ಲಿವರ್‌ಪೂಲ್‌ನ ರಾಬಿ ಫೌಲರ್ ನಾರ್ವೆಯ ಬ್ರಾನ್ ತಂಡದ ಮೇಲೆ ಗೋಲು ಹೊಡೆದು ಜೆರ್ಸಿ ಎತ್ತಿದ. ಒಳಗಿನ ಟೀ ಶರ್ಟ್ ಮೇಲೆ ಕೆಲಸ ಕಳೆದುಕೊಂಡ 500 ಲಿವರ್‌ಪೂಲ್ ಬಂದರು ಕಾರ್ಮಿಕರ ಪರ ಬರಹ. ಯುರೋಪಿನ ಫುಟ್‌ಬಾಲ್ ಸಂಸ್ಥೆ 2,000 ಸ್ವಿಸ್ ಫ್ರಾಂಕ್ ದಂಡ ಹಾಕಿತು. ಆ ಪಂದ್ಯ ಆಡಿದ ನಾಲ್ಕನೇ ದಿನ ಆರ್ಸೆನಲ್ ವಿರುದ್ಧ ರೆಫರಿ ಪೆನಾಲ್ಟಿ ಕೊಟ್ಟಾಗ ಅದೇ ಫೌಲರ್, ಗೋಲ್‌ಕೀಪರ್ ನನ್ನನ್ನು ಮುಟ್ಟಿಲ್ಲ ಎಂದು ತಾನೇ ಕೈಯಾಡಿಸಿ ಹೇಳಿದ. ರೆಫರಿ ಕೇಳಲಿಲ್ಲ. ಫೌಲರ್ ಒದ್ದ ಚೆಂಡನ್ನು ಕೀಪರ್ ತಡೆದ, ಚಿಮ್ಮಿ ಬಂದದ್ದನ್ನು ಜೊತೆಯವನು ಗೋಲಿಗೆ ತಳ್ಳಿದ. ಆ ಪ್ರಾಮಾಣಿಕತೆಗೆ ಮೆಚ್ಚುಗೆ ಬಂತು. ಒಂದೇ ವಾರದಲ್ಲಿ ಒಬ್ಬನೇ ಹುಡುಗನಿಗೆ ದಂಡವೂ ಶಹಬ್ಬಾಸೂ. ಮಗಳು ಈ ಕಥೆಯನ್ನು ಎಷ್ಟು ಸಲ ಹೇಳಿದರೂ ಕೇಳುತ್ತಾಳೆ. ಅಜ್ಜನಿಗೆ ಮೊದಲರ್ಧ ಇಷ್ಟ, ಅಮ್ಮನಿಗೆ ಎರಡನೆಯದು.

ಮನೆಯಲ್ಲಿ ಇತ್ತೀಚಿನ ಚರ್ಚೆ ಹೊಸ ಕಾರ್ಮಿಕ ಸಂಹಿತೆಗಳದು. 2025ರ ನವೆಂಬರ್ 21ರಿಂದ ನಾಲ್ಕೂ ಸಂಹಿತೆಗಳು ಜಾರಿಗೆ ಬಂದಿವೆ. ಮುಚ್ಚಲು ಸರ್ಕಾರದ ಅನುಮತಿ ಬೇಕಾಗುತ್ತಿದ್ದದ್ದು 100 ಕಾರ್ಮಿಕರಿರುವ ಕಾರ್ಖಾನೆಗೆ. ಇನ್ನು ಮುಂದೆ 300. ಮುಷ್ಕರ ಹೂಡಬೇಕಾದರೆ 14 ದಿನ ಮೊದಲೇ ನೋಟಿಸ್ ಕೊಡಬೇಕು. ಗುತ್ತಿಗೆಯವರಿಗೂ ನೇಮಕಾತಿ ಪತ್ರ ಸಿಗುತ್ತದಲ್ಲ ಎಂದು ಅಪ್ಪ ಹೇಳಿದರೆ, “ಪತ್ರ ಫ್ರೇಮ್ ಹಾಕಿಸಿ ಗೋಡೆಗೆ ಹೊಡಿ” ಎನ್ನುತ್ತಾರೆ ಅಜ್ಜ. ಇಬ್ಬರ ಮಾತಿಗೂ ಕಿವಿಗೊಟ್ಟ ಮಗಳು ಗಣಿತದ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ತನ್ನದೊಂದು ಬೇಡಿಕೆ ಪಟ್ಟಿ ಬರೆದಿದ್ದಾಳೆ. ಭಾನುವಾರ ಟ್ಯೂಷನ್ ಇರಕೂಡದು. ಆರರಿಂದ ಏಳು ಆಟ. ಅಪ್ಪ ಗೋಲ್‌ಕೀಪರ್, ಫೋನ್ ಇಲ್ಲದೆ. ಅಮ್ಮನ ಬಸ್ಸು ಬಂದಮೇಲೆ ಅಮ್ಮನೂ ಐದು ನಿಮಿಷ.

ಅಜ್ಜ ಕನ್ನಡಕ ಹಾಕಿಕೊಂಡು ಓದಿ, ಭಾಷೆ ಚೆನ್ನಾಗಿದೆ ಎಂದರು. ಸಹಿ ಹಾಕಿಸು, ತಾರೀಖು ಬರೆ, ಒಂದು ಕಾಪಿ ನಿನ್ನ ಹತ್ತಿರ ಇಟ್ಕೋ.

“ಒಪ್ಪದೆ ಹೋದ್ರೆ?”

“ಸ್ಟ್ರೈಕು. ಆದ್ರೆ ಈಗ ಹದಿನಾಲ್ಕು ದಿನ ಮುಂಚೆ ನೋಟಿಸ್ ಕೊಡ್ಬೇಕು ಮಗಾ.”

ಹುಡುಗಿ ಗೋಡೆಯ ಕ್ಯಾಲೆಂಡರ್ ಹತ್ತಿರ ಹೋಗಿ ಬೆರಳಿಟ್ಟು ಎಣಿಸಿದಳು. ಹದಿನಾಲ್ಕನೇ ದಿನ ಗಣಿತದ ಪರೀಕ್ಷೆ. ಚೆಂಡು ಕಂಕುಳಲ್ಲಿ ಇಟ್ಟುಕೊಂಡು, ಚಪ್ಪಲಿ ಮೆಟ್ಟಿ, ಕತ್ತಲಾಗುವ ಮೊದಲೇ ಹೊರಟುಬಿಟ್ಟಳು. ಬೀದಿಯಲ್ಲಿ ಬ್ಯಾಟು ಹಿಡಿದ ಹುಡುಗರು ಆಗಲೇ ಅವಳ ಇಟ್ಟಿಗೆ ಜೋಡಿಸಿಕೊಳ್ಳುತ್ತಿದ್ದರು.